ಕಣ್ಣಿಗೆ ಕಾಣದ ಧೂಳಿನ ಅಳತೆ: ಕಲ್ಲಿನ ಕಾಯಕದವರ ಉಸಿರಿನ ರಕ್ಷಣೆ

ಆಹಾರ, ಔಷಧ, ನಿದ್ರೆ, ವ್ಯಾಯಾಮ ಇವೆಲ್ಲವೂ ಮಾತ್ರೆಯನ್ನರಿತು ನಡೆದರೆ ಹಿತ, ಮಾತ್ರೆ ಮೀರಿದರೆ ಅಹಿತ ಎಂಬುದು ಆಯುರ್ವೇದದ ಮೂಲ ತತ್ತ್ವಗಳಲ್ಲೊಂದು. ಭಸ್ಮೌಷಧಗಳನ್ನು ನಾವು ಗುಲಗಂಜಿಯ ಲೆಕ್ಕದಲ್ಲಿ ತೂಗಿ ಕೊಡುತ್ತೇವೆ. ಅಡುಗೆಮನೆಯಲ್ಲಿ ತಾಯಂದಿರು ಉಪ್ಪನ್ನು ಅಳೆದು ಹಾಕುತ್ತಾರೆ. ಆದರೆ ದಿನದ ಇಪ್ಪತ್ನಾಲ್ಕು ಗಂಟೆಯೂ ನಾವು ಸೇವಿಸುವ ಒಂದು ಪದಾರ್ಥವನ್ನು ಮಾತ್ರ ಯಾರೂ ಅಳೆಯಲು ಹೋಗುವುದಿಲ್ಲ. ಅದು ಗಾಳಿ. ಮೈಮುರಿದು ದುಡಿಯುವ ಒಬ್ಬ ವ್ಯಕ್ತಿ ಎಂಟು ಗಂಟೆಯ ಪಾಳಿಯಲ್ಲಿ ಸುಮಾರು 10 ಘನ ಮೀಟರ್, ಅಂದರೆ ಹತ್ತು ಸಾವಿರ ಲೀಟರ್ ಗಾಳಿಯನ್ನು ಒಳಗೆ ಸೆಳೆದುಕೊಳ್ಳುತ್ತಾನೆ. ಆ ಗಾಳಿಯ ಜೊತೆಗೆ ಏನು, ಎಷ್ಟು ಒಳಗೆ ಹೋಯಿತೆಂಬುದು ಅವನಿಗೂ ತಿಳಿಯದು, ಅವನನ್ನು ಕೆಲಸಕ್ಕಿಟ್ಟುಕೊಂಡವನಿಗೂ ತಿಳಿಯದು.

ಶ್ರೀಮಠದ ಸದ್ಭಕ್ತರಲ್ಲಿ ಕಲ್ಲಿನ ಕಾಯಕವನ್ನು ನಂಬಿದ ಕುಟುಂಬಗಳು ಅನೇಕವಿವೆ. ಕ್ವಾರಿಗಳಲ್ಲಿ ಬಂಡೆಗೆ ರಂಧ್ರ ಕೊರೆಯುವವರು, ಕ್ರಷರ್‌ನಲ್ಲಿ ಜಲ್ಲಿ ಒಡೆಯುವವರು, ಗ್ರಾನೈಟ್ ಚಪ್ಪಡಿ ಕೊಯ್ದು ಪಾಲಿಶ್ ಮಾಡುವವರು, ವಿಗ್ರಹ ಕೆತ್ತುವ ಶಿಲ್ಪಿಗಳು, ಇಂಥ ಘಟಕಗಳನ್ನು ನಡೆಸುವ ಉದ್ಯಮಿಗಳು, ಮನೆಗೆ ಕಲ್ಲು ಹಾಸಿಸುವ ಗೃಹಸ್ಥರು ಎಲ್ಲರೂ ಈ ಪತ್ರಿಕೆಯ ಓದುಗರೇ ಆಗಿದ್ದಾರೆ. ಕಲ್ಲಿನ ಧೂಳಿನಿಂದ ಬರುವ ರೋಗವೇನು, ಆ ಧೂಳನ್ನು ಅಳೆಯುವುದು ಹೇಗೆ, ಅಳೆದ ಮೇಲೆ ಮಾಡಬೇಕಾದುದೇನು ಎಂಬುದನ್ನು ಈ ಸಂಚಿಕೆಯಲ್ಲಿ ಸ್ವಲ್ಪ ವಿಸ್ತಾರವಾಗಿಯೇ ತಿಳಿಸಲು ಬಯಸಿದ್ದೇವೆ.

ಕಾಣುವ ಧೂಳು, ಕಾಣದ ಧೂಳು

ಧೂಳೆಂದರೆ ಬಟ್ಟೆಗೆ ಮೆತ್ತುವುದು, ಕಣ್ಣಿಗೆ ಬೀಳುವುದು, ಮೂಗಿನಲ್ಲಿ ಕಟ್ಟುವುದು ಎಂದೇ ನಾವು ತಿಳಿದಿರುತ್ತೇವೆ. ಈ ದಪ್ಪ ಧೂಳು ತೊಂದರೆ ಕೊಡುವುದು ನಿಜವಾದರೂ ಅದು ದೇಹದ ಹೊರಬಾಗಿಲನ್ನು ದಾಟಿ ಹೆಚ್ಚು ದೂರ ಹೋಗಲಾರದು. ಮೂಗಿನ ರೋಮಗಳು, ಗಂಟಲಿನ ಲೋಳೆ, ಸೀನು, ಕೆಮ್ಮು ಇವು ಅದನ್ನು ಹೊರದೂಡುತ್ತವೆ. ಶ್ವಾಸನಾಳದೊಳಗೆ ಬಿದ್ದ ಕಣಗಳನ್ನು ಅಲ್ಲಿಯ ಸೂಕ್ಷ್ಮ ರೋಮಗಳು ಕಫದೊಡನೆ ಮೇಲಕ್ಕೆ ತಳ್ಳುತ್ತವೆ.

ನಿಜವಾದ ಅಪಾಯವಿರುವುದು ಇವೆಲ್ಲವನ್ನೂ ತಪ್ಪಿಸಿಕೊಂಡು ಹೋಗುವ ಅತಿಸೂಕ್ಷ್ಮ ಕಣಗಳಲ್ಲಿ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಬರುವ ಒಂದು ಪಾಲಿಗೆ ಮೈಕ್ರಾನ್ ಎಂದು ಹೆಸರು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಶ್ವಾಸಕೋಶದ ಕೊಟ್ಟಕೊನೆಯ ಗಾಳಿಗೂಡುಗಳವರೆಗೆ ತಲುಪುವ ಧೂಳಿನ ಕಣಗಳು 10 ಮೈಕ್ರಾನ್‌ಗಿಂತ ಚಿಕ್ಕವು. ಅವುಗಳಲ್ಲಿಯೂ 4 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣವು ಹೆಚ್ಚು ಸುಲಭವಾಗಿ ಅಲ್ಲಿಗೆ ಇಳಿಯುತ್ತವೆ. ಇವನ್ನು ಉಸಿರ್ಧೂಳು ಎಂದು ಕರೆಯೋಣ. ಇದು ಬರಿಗಣ್ಣಿಗೆ ಕಾಣದು, ವಾಸನೆಯಿಲ್ಲ, ಗಂಟಲಿಗೆ ಉರಿಯನ್ನೂ ತಾರದು. ದಪ್ಪ ಧೂಳು ನೆಲಕ್ಕೆ ಬಿದ್ದು, "ಈಗ ಧೂಳು ಅಡಗಿತು" ಎಂದು ನಾವು ಮಾಸ್ಕ್ ತೆಗೆದ ಮೇಲೂ ಈ ಕಣಗಳು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತಲೇ ಇರುತ್ತವೆ. ಆದ್ದರಿಂದ ಗಾಳಿ ಶುದ್ಧವಾಗಿದೆಯೆಂದು ಕಣ್ಣು ಹೇಳುವ ಸಾಕ್ಷಿಯನ್ನು ಈ ವಿಷಯದಲ್ಲಿ ನಂಬಲಾಗದು.

ಕಲ್ಲಿನ ಧೂಳು ತರುವ ರೋಗ

ಗ್ರಾನೈಟ್, ಮರಳುಗಲ್ಲು, ಬೆಣಚುಕಲ್ಲುಗಳಲ್ಲಿ ಸಿಲಿಕಾ ಎಂಬ ಖನಿಜವು ಹರಳಿನ ರೂಪದಲ್ಲಿದೆ. ಇದರ ಉಸಿರ್ಧೂಳು ಗಾಳಿಗೂಡನ್ನು ಹೊಕ್ಕಾಗ ದೇಹದ ರಕ್ಷಕ ಕೋಶಗಳು ಅದನ್ನು ನುಂಗಿ ಕರಗಿಸಲು ಯತ್ನಿಸುತ್ತವೆ. ಸಿಲಿಕಾ ಕರಗುವುದಿಲ್ಲ, ನುಂಗಿದ ಕೋಶವೇ ಸಾಯುತ್ತದೆ. ಬಿಡುಗಡೆಯಾದ ಕಣವನ್ನು ಮತ್ತೊಂದು ಕೋಶ ನುಂಗುತ್ತದೆ, ಅದೂ ಸಾಯುತ್ತದೆ. ಹೀಗೆ ನಡೆಯುತ್ತ ನಡೆಯುತ್ತ ಮೃದುವಾದ ಶ್ವಾಸಕೋಶದಲ್ಲಿ ಗಟ್ಟಿಯಾದ ಗಾಯದ ಗಂಟುಗಳು ಬೆಳೆಯುತ್ತವೆ. ಇದೇ ಸಿಲಿಕೋಸಿಸ್ ರೋಗ.

ಸಾಮಾನ್ಯವಾಗಿ ಇದು ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲದ ದುಡಿಮೆಯ ನಂತರ ಕಾಣಿಸಿಕೊಳ್ಳುತ್ತದೆ. ಧೂಳು ಅತಿಯಾಗಿದ್ದಲ್ಲಿ ಐದು ವರ್ಷದೊಳಗೆ, ಕೆಲವೊಮ್ಮೆ ತಿಂಗಳುಗಳಲ್ಲಿಯೇ ಬರುವುದುಂಟು. ಮೊದಲು ಏರು ಹತ್ತುವಾಗ ದಮ್ಮು, ಆಮೇಲೆ ಬಿಡದ ಒಣಕೆಮ್ಮು, ತೂಕ ಇಳಿಯುವುದು, ಕೊನೆಗೆ ಕುಳಿತಲ್ಲಿಯೇ ಉಸಿರುಗಟ್ಟುವುದು. ಕೆಲಸ ಬಿಟ್ಟ ಮೇಲೂ ರೋಗ ಮುಂದುವರಿಯಬಹುದು. ಒಮ್ಮೆ ಗಂಟುಗಟ್ಟಿದ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಔಷಧಿ ಯಾವ ವೈದ್ಯಪದ್ಧತಿಯಲ್ಲಿಯೂ ಇಲ್ಲ. ಸಿಲಿಕಾ ಸೇರಿದ ಶ್ವಾಸಕೋಶಕ್ಕೆ ಕ್ಷಯವೂ ಸುಲಭವಾಗಿ ಅಂಟಿಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1997ರಲ್ಲಿ ಹರಳು ಸಿಲಿಕಾ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ.

ಈ ರೋಗದ ಇತಿಹಾಸದಲ್ಲಿ ನಮ್ಮ ನಾಡಿಗೆ ನೋವಿನ ಸ್ಥಾನವೊಂದಿದೆ. ಕೋಲಾರದ ಚಿನ್ನದ ಗಣಿಯಲ್ಲಿ ಬಂಗಾರವಿದ್ದುದು ಬೆಣಚುಕಲ್ಲಿನ ಎಳೆಗಳಲ್ಲಿ. ಬಂಗಾರ ಬೇಕಾದರೆ ಬೆಣಚನ್ನು ಕೊರೆದು ಪುಡಿಮಾಡಲೇಬೇಕಾಗಿತ್ತು. 1940ರ ದಶಕದಲ್ಲಿ ಅಲ್ಲಿ ನಡೆದ ತಪಾಸಣೆಗಳಲ್ಲಿ ಸಾವಿರಾರು ಕಾರ್ಮಿಕರ ಶ್ವಾಸಕೋಶದಲ್ಲಿ ಸಿಲಿಕೋಸಿಸ್ ಕಂಡುಬಂದಿತು. ಭಾರತದ ವೈದ್ಯಕೀಯ ಪಠ್ಯಗಳಲ್ಲಿ ಈ ರೋಗದ ಆರಂಭದ ದಾಖಲೆಗಳನ್ನು ಹುಡುಕಿದರೆ ಕೋಲಾರದ ಹೆಸರೇ ಎದುರಾಗುತ್ತದೆ. 2001ರಲ್ಲಿ ಗಣಿ ಮುಚ್ಚಿತು.

ಇನ್ನೊಂದು ಉದಾಹರಣೆ ಮಧ್ಯಪ್ರದೇಶದ ಮಂದಸೌರದ್ದು. ನಮ್ಮ ಪೀಳಿಗೆಯವರು ಪಾಟಿಯ ಮೇಲೆ ಅಕ್ಷರ ತಿದ್ದಿದ್ದು ಕಲ್ಲಿನ ಕಡ್ಡಿಯಿಂದ. ಅಂಥ ಕಡ್ಡಿಗಳನ್ನು ಯಂತ್ರದಲ್ಲಿ ಕೊಯ್ಯುವ ಉದ್ಯಮ ಮಂದಸೌರದಲ್ಲಿ ದೊಡ್ಡದಾಗಿ ಬೆಳೆದಿತ್ತು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯ ವೈದ್ಯರು ಅಲ್ಲಿಯ ಕೆಲಸಗಾರರನ್ನು ಪರೀಕ್ಷಿಸಿದಾಗ ಅರ್ಧಕ್ಕೂ ಮಿಕ್ಕಿ ಜನರಲ್ಲಿ ಸಿಲಿಕೋಸಿಸ್ ಕಂಡಿತು. ಮಕ್ಕಳು ಅಕ್ಷರ ಕಲಿಯುವ ಕಡ್ಡಿಗಾಗಿ ಯುವಕರು ಉಸಿರನ್ನು ತೆತ್ತಿದ್ದರು. ತರುವಾಯ ಅಲ್ಲಿ ಯಂತ್ರಗಳಿಗೆ ಧೂಳು ಹೀರುವ ಸಾಧನಗಳನ್ನು ಅಳವಡಿಸಿ ಮತ್ತೆ ಅಳೆದಾಗ ಗಾಳಿಯಲ್ಲಿಯ ಧೂಳು ಬಹಳವಾಗಿ ತಗ್ಗಿತ್ತು. ರೋಗವನ್ನು ಗುಣಪಡಿಸಲು ಆಗದು, ಆದರೆ ತಡೆಯಲು ಖಂಡಿತ ಆಗುತ್ತದೆ ಎಂಬುದನ್ನು ಮಂದಸೌರ ತೋರಿಸಿಕೊಟ್ಟಿತು.

ಆಯುರ್ವೇದದ ದೃಷ್ಟಿ

ಚರಕ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಹಿಕ್ಕಾ ಮತ್ತು ಶ್ವಾಸರೋಗಗಳ ಕಾರಣಗಳನ್ನು ಹೇಳುವಾಗ ಧೂಳು ಮತ್ತು ಹೊಗೆಗಳನ್ನು ಆರಂಭದಲ್ಲಿಯೇ ಎಣಿಸಲಾಗಿದೆ. ರೋಗ ಬಂದಾಗ ಮೊದಲು ಮಾಡಬೇಕಾದ ಕೆಲಸವೆಂದರೆ ಕಾರಣವನ್ನು ದೂರ ಮಾಡುವುದು, ಅಂದರೆ ನಿದಾನ ಪರಿವರ್ಜನೆ. ಚಿಕಿತ್ಸೆಯ ಸಾರವೇ ಅದು ಎಂಬುದು ಸುಶ್ರುತಾಚಾರ್ಯರ ಅಭಿಪ್ರಾಯ.

ಆಡುಸೋಗೆ, ಜ್ಯೇಷ್ಠಮಧು, ಹಿಪ್ಪಲಿಗಳಿಂದ ಕೆಮ್ಮು ಸಡಿಲವಾಗಬಹುದು. ಕೃಶವಾದ ದೇಹಕ್ಕೆ ಬೃಂಹಣ ಚಿಕಿತ್ಸೆಯಿಂದ ಬಲ ಬರಬಹುದು. ಆದರೆ ಗಾಳಿಗೂಡಿನಲ್ಲಿ ಹುದುಗಿದ ಕಲ್ಲಿನ ಕಣವನ್ನು ಹೊರತೆಗೆಯುತ್ತೇವೆಂದು ಯಾವ ಚೂರ್ಣ, ಯಾವ ಲೇಹ್ಯದ ಹೆಸರಿನಲ್ಲಿ ಯಾರೇ ಹೇಳಿದರೂ ನಂಬಬಾರದು. ಆಯುರ್ವೇದ ವೈದ್ಯರಾಗಿಯೇ ನಾವು ಈ ಮಾತನ್ನು ಸ್ಪಷ್ಟವಾಗಿ ಹೇಳುತ್ತಿದ್ದೇವೆ. ನಿದಾನವನ್ನು ದೂರ ಮಾಡಬೇಕಾದರೆ ಅದು ಎಲ್ಲಿದೆ, ಎಷ್ಟಿದೆ ಎಂಬುದು ಮೊದಲು ತಿಳಿದಿರಬೇಕು. ಕಣ್ಣಿಗೆ ಕಾಣದ ನಿದಾನವನ್ನು ತಿಳಿಯುವ ದಾರಿ ಅಳತೆಯೊಂದೇ.

ಅಳೆಯುವ ವಿಧಾನ

ಹಿಂದೆ ಗಣಿಗಳಲ್ಲಿ ಗಾಳಿಯನ್ನು ಹಿಡಿದು, ಅದರಲ್ಲಿದ್ದ ಕಣಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಎಣಿಸುತ್ತಿದ್ದರು. ಎಣಿಕೆಗಿಂತ ಶ್ವಾಸಕೋಶದ ಆಳಕ್ಕೆ ಇಳಿಯುವ ಧೂಳಿನ ತೂಕ ಮುಖ್ಯವೆಂಬ ವಿಚಾರವು 1959ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಒಪ್ಪಿತವಾಯಿತು. ಮರುವರ್ಷ, 1960ರಲ್ಲಿ, ಇಂಗ್ಲೆಂಡಿನ ಹಾರ್ವೆಲ್ ಪರಮಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಕೆಲಸಗಾರನ ಮೈಮೇಲೆಯೇ ತೊಡಿಸಬಹುದಾದ ಚಿಕ್ಕ ಪಂಪನ್ನು ಬಳಕೆಗೆ ತಂದರು. ಅದರಿಂದ ಒಂದು ದೊಡ್ಡ ಸತ್ಯ ಹೊರಬಿದ್ದಿತು. ಕೋಣೆಯ ಒಂದೆಡೆ ನಿಲ್ಲಿಸಿದ ಉಪಕರಣವು ತೋರಿಸುವ ಪ್ರಮಾಣಕ್ಕಿಂತ ಕೆಲಸಗಾರನ ಮೂಗಿನ ಬಳಿ ದೊರೆಯುವ ಪ್ರಮಾಣವು ಬಹುಪಾಲು ಹೆಚ್ಚಾಗಿರುತ್ತದೆ! ಧೂಳು ಏಳುವುದು ಅವನ ಕೈಯ ಕೆಳಗೆ. ಬಾಗಿ ನಿಂತಿರುವುದು ಅವನ ಮುಖ. ಗೋಡೆಯ ಬಳಿಯ ಗಾಳಿಯನ್ನು ಅಳೆದರೆ ಗೋಡೆಯ ಆರೋಗ್ಯ ತಿಳಿದೀತೇ ಹೊರತು ಮನುಷ್ಯನದಲ್ಲ.

ಇಂದು ಅನುಸರಿಸುವ ಕ್ರಮ ಹೀಗಿದೆ. ಬೆಳಗ್ಗೆ ಕೆಲಸ ಆರಂಭಿಸುವಾಗ ಕೆಲಸಗಾರನ ಸೊಂಟದ ಬೆಲ್ಟಿಗೆ ಬ್ಯಾಟರಿಯಿಂದ ನಡೆಯುವ ಚಿಕ್ಕ ಪಂಪನ್ನು ಕಟ್ಟುತ್ತಾರೆ. ಅದರಿಂದ ಹೊರಟ ರಬ್ಬರು ಕೊಳವೆಯ ತುದಿಯನ್ನು ಅವನ ಅಂಗಿಯ ಕಾಲರಿಗೆ, ಮೂಗಿನಿಂದ ಒಂದು ಅಡಿಯೊಳಗೆ, ಸಿಕ್ಕಿಸುತ್ತಾರೆ. ತುದಿಯಲ್ಲಿ ಸೈಕ್ಲೋನ್ ಎಂಬ ಪುಟ್ಟ ಸಾಧನವಿದೆ. ಒಳಬಂದ ಗಾಳಿ ಅದರಲ್ಲಿ ಸುಂಟರಗಾಳಿಯಂತೆ ಸುತ್ತುತ್ತದೆ. ದಪ್ಪ ಕಣಗಳು ಕೆಳಗೆ ಬೀಳುತ್ತವೆ, ಉಸಿರ್ಧೂಳು ಮಾತ್ರ ಮೇಲಿನ ಫಿಲ್ಟರ್ ಕಾಗದದ ಮೇಲೆ ಕೂರುತ್ತದೆ. ರಾಗಿಯನ್ನು ಮೊರದಲ್ಲಿ ಕೇರಿ ಜೊಳ್ಳನ್ನು ಬೇರ್ಪಡಿಸುವಂತೆ ಇದೂ ಒಂದು ಕೇರುವಿಕೆಯೇ. ಫಿಲ್ಟರನ್ನು ಮೊದಲೂ ಆಮೇಲೂ ಅತಿಸೂಕ್ಷ್ಮ ತಕ್ಕಡಿಯಲ್ಲಿ ತೂಗಿ ವ್ಯತ್ಯಾಸ ತಿಳಿಯುತ್ತಾರೆ. ನಂತರ ಪ್ರಯೋಗಾಲಯದಲ್ಲಿ ಎಕ್ಸ್‌ರೇ ವಿವರ್ತನೆ ಅಥವಾ ಅವಕೆಂಪು ಕಿರಣಗಳ ವಿಧಾನದಿಂದ ಆ ಧೂಳಿನಲ್ಲಿ ಸಿಲಿಕಾ ಹರಳು ಶೇಕಡಾ ಎಷ್ಟಿದೆ ಎಂದು ಕಂಡುಕೊಳ್ಳುತ್ತಾರೆ.

ಒಂದು ಕಾಲ್ಪನಿಕ ಲೆಕ್ಕದಿಂದ ಇದನ್ನು ತಿಳಿಯೋಣ.

ಪಂಪು ನಿಮಿಷಕ್ಕೆ 1.7 ಲೀಟರ್‌ನಂತೆ 480 ನಿಮಿಷ, ಅಂದರೆ ಎಂಟು ಗಂಟೆ, ಗಾಳಿಯನ್ನು ಎಳೆಯಿತೆನ್ನಿ. ಒಟ್ಟು 816 ಲೀಟರ್, ಅಂದರೆ 0.816 ಘನ ಮೀಟರ್. ಫಿಲ್ಟರಿನ ತೂಕ 0.49 ಮಿಲಿಗ್ರಾಂ ಹೆಚ್ಚಿತು. 0.49ನ್ನು 0.816ರಿಂದ ಭಾಗಿಸಿದರೆ ಪ್ರತಿ ಘನ ಮೀಟರ್ ಗಾಳಿಯಲ್ಲಿ 0.6 ಮಿಲಿಗ್ರಾಂ ಉಸಿರ್ಧೂಳು ಇದ್ದಂತಾಯಿತು. ಅದರಲ್ಲಿ ಸಿಲಿಕಾ ಶೇಕಡಾ 30 ಇದ್ದರೆ ಸಿಲಿಕಾದ ಪ್ರಮಾಣ ಪ್ರತಿ ಘನ ಮೀಟರಿಗೆ 0.18 ಮಿಲಿಗ್ರಾಂ.

ಮಿತಿ ಎಂದರೇನು?

1984ರ ಭೋಪಾಲ್ ದುರಂತದ ನಂತರ, 1987ರಲ್ಲಿ, 1948ರ ಕಾರ್ಖಾನೆ ಕಾಯ್ದೆಗೆ ಅಪಾಯಕಾರಿ ಪ್ರಕ್ರಿಯೆಗಳ ಕುರಿತಾದ ಹೊಸ ಅಧ್ಯಾಯವನ್ನು ಸೇರಿಸಲಾಯಿತು. ರಾಸಾಯನಿಕ ಮತ್ತು ಧೂಳುಗಳಿಗೆ ಕೆಲಸದ ಗಾಳಿಯಲ್ಲಿ ಮೀರಬಾರದ ಮಿತಿಗಳನ್ನು ಅದರ ಅನುಸೂಚಿಯಲ್ಲಿ ಪಟ್ಟಿ ಮಾಡಲಾಯಿತು. ಬೆಣಚು ಸಿಲಿಕಾಗೆ ಅಲ್ಲಿ ಕೊಟ್ಟ ಸೂತ್ರ ಸರಳವಾಗಿದೆ. ಉಸಿರ್ಧೂಳಿನಲ್ಲಿರುವ ಸಿಲಿಕಾದ ಶೇಕಡಾ ಪ್ರಮಾಣಕ್ಕೆ 2ನ್ನು ಕೂಡಿಸಿ, ಆ ಸಂಖ್ಯೆಯಿಂದ 10ನ್ನು ಭಾಗಿಸಬೇಕು. ಬಂದ ಉತ್ತರವೇ ಪ್ರತಿ ಘನ ಮೀಟರಿಗೆ ಎಷ್ಟು ಮಿಲಿಗ್ರಾಂ ಉಸಿರ್ಧೂಳು ಇರಬಹುದೆಂಬ ಮಿತಿ. ನಮ್ಮ ಲೆಕ್ಕದಲ್ಲಿ 10ನ್ನು 32ರಿಂದ ಭಾಗಿಸಿದರೆ 0.31. ಆದರೆ ಕೆಲಸಗಾರನ ಮೂಗಿನ ಬಳಿ ಸಿಕ್ಕಿದ್ದು 0.6, ಅಂದರೆ ಮಿತಿಯ ಎರಡರಷ್ಟರ ಸಮೀಪ.

ಅಮೆರಿಕದಲ್ಲಿ 2016ರ ನಿಯಮದ ಪ್ರಕಾರ ಎಂಟು ಗಂಟೆಯ ಸರಾಸರಿಯಲ್ಲಿ ಸಿಲಿಕಾ ಉಸಿರ್ಧೂಳು ಪ್ರತಿ ಘನ ಮೀಟರಿಗೆ 0.05 ಮಿಲಿಗ್ರಾಂ ಮೀರಬಾರದು. ಪಾಳಿಯೊಂದರಲ್ಲಿ 10 ಘನ ಮೀಟರ್ ಗಾಳಿ ಸೇವಿಸುವವನಿಗೆ ಇದು ದಿನಕ್ಕೆ ಅರ್ಧ ಮಿಲಿಗ್ರಾಂ ಆಯಿತು. ಒಂದು ಗುಲಗಂಜಿಯನ್ನು 125 ಮಿಲಿಗ್ರಾಂ ಎಂದು ಲೆಕ್ಕ ಹಿಡಿಯುವುದು ನಮ್ಮ ಔಷಧಶಾಸ್ತ್ರದ ರೂಢಿ. ಅಂದರೆ ಗುಲಗಂಜಿಯ ಇನ್ನೂರೈವತ್ತನೆಯ ಒಂದು ಭಾಗ, ಹೆಚ್ಚುಕಡಿಮೆ ಒಂದು ಸಕ್ಕರೆ ಹರಳಿನಷ್ಟು! ಇಷ್ಟು ಅಲ್ಪವಾದುದನ್ನು ಕಣ್ಣಳತೆಯಿಂದ ತಿಳಿಯುತ್ತೇವೆಂಬುದು ಎಷ್ಟು ದೊಡ್ಡ ಭ್ರಮೆ ಎಂಬುದನ್ನು ಓದುಗರೇ ಊಹಿಸಬಹುದು.

ಇಲ್ಲಿ ಎರಡು ವಿಷಯಗಳನ್ನು ನೆನಪಿಡಬೇಕು. ಮೊದಲನೆಯದಾಗಿ, ಮಿತಿಯೆಂಬುದು ರೋಗಕ್ಕೂ ಆರೋಗ್ಯಕ್ಕೂ ನಡುವೆ ಎಳೆದ ಲಕ್ಷ್ಮಣರೇಖೆಯಲ್ಲ. ಮಿತಿಯೊಳಗಿದ್ದರೂ ಕೆಲವರಿಗೆ ರೋಗ ಬರಬಹುದು; ಧೂಳು ಕಡಿಮೆಯಾದಷ್ಟೂ ಒಳಿತು. ಎರಡನೆಯದಾಗಿ, ಎಲ್ಲ ಕಲ್ಲಿನ ಧೂಳೂ ಒಂದೇ ಅಲ್ಲ. ಇಳಕಲ್ಲಿನ ಕೆಂಪು ಗ್ರಾನೈಟಿನಲ್ಲಿ ಬೆಣಚಿನ ಅಂಶ ಗಣನೀಯವಾಗಿದೆ. ಬಾದಾಮಿಯ ಬೆಟ್ಟಗಳಂಥ ಮರಳುಗಲ್ಲಿನ ಬಹುಭಾಗವೇ ಬೆಣಚು. ಶಹಾಬಾದಿನ ಹಾಸುಗಲ್ಲು ಸುಣ್ಣದಕಲ್ಲಿನ ಜಾತಿಯದಾದ್ದರಿಂದ ಅದರಲ್ಲಿ ಸಿಲಿಕಾ ಕಡಿಮೆ. ಚಾಮರಾಜನಗರದ ಕಡೆಯ ಕರಿಕಲ್ಲನ್ನು ವ್ಯಾಪಾರದಲ್ಲಿ ಗ್ರಾನೈಟ್ ಎಂದರೂ ಅದರಲ್ಲಿ ಬೆಣಚು ಅಲ್ಪ. ಈಚೆಗೆ ಅಡುಗೆಮನೆಯ ಕಟ್ಟೆಗೆ ಹಾಕುವ, ಬೆಣಚಿನ ಪುಡಿಯನ್ನು ಅಂಟಿನಲ್ಲಿ ಬೆಸೆದು ಮಾಡಿದ ಕೃತಕ ಕ್ವಾರ್ಟ್ಜ್ ಹಲಗೆಗಳಲ್ಲಿ ಸಿಲಿಕಾ ಶೇಕಡಾ 90ನ್ನೂ ಮೀರಿರುವುದುಂಟು. ಇವನ್ನು ಕೊಯ್ಯುವ ಯುವಕರಲ್ಲಿ ಸಿಲಿಕೋಸಿಸ್ ಬೇಗನೆ ಕಾಣಿಸಿಕೊಂಡ ಕಾರಣ ಆಸ್ಟ್ರೇಲಿಯಾ ದೇಶವು 2024ರ ಜುಲೈ 1ರಿಂದ ಇವುಗಳನ್ನು ನಿಷೇಧಿಸಿದೆ. ಆದ್ದರಿಂದಲೇ ಧೂಳಿನ ತೂಕದೊಡನೆ ಅದರ ಗುಣವನ್ನೂ ಪರೀಕ್ಷಿಸಬೇಕು.

ರಾಸಾಯನಿಕಗಳ ವಿಷಯ

ಧೂಳಿನಂತೆಯೇ ಬಣ್ಣ, ಥಿನ್ನರ್, ಅಂಟು, ಆಮ್ಲಗಳ ಆವಿಯನ್ನೂ ಅಳೆಯಬಹುದು. ಅದಕ್ಕೆ ಇದ್ದಿಲಿನ ಪುಡಿ ತುಂಬಿದ ಪುಟ್ಟ ಗಾಜಿನ ನಳಿಕೆಯನ್ನು ಪಂಪಿಗೆ ಜೋಡಿಸುತ್ತಾರೆ, ಇಲ್ಲವೇ ಪಂಪಿಲ್ಲದೆ ಆವಿಯನ್ನು ತಾನೇ ಹೀರಿಕೊಳ್ಳುವ ಬಿಲ್ಲೆಯನ್ನು ಎದೆಗೆ ಸಿಕ್ಕಿಸುತ್ತಾರೆ. ಕೆಲವು ವಿಷಗಳಿಗೆ ಇಡೀ ಪಾಳಿಯ ಸರಾಸರಿಯೊಂದೇ ಸಾಲದು. ಹದಿನೈದು ನಿಮಿಷಗಳ ತೀವ್ರ ಸಂಪರ್ಕವೂ ಅಪಾಯಕರವಾದ್ದರಿಂದ ಅದಕ್ಕೆ ಪ್ರತ್ಯೇಕ ಮಿತಿ ಇರುತ್ತದೆ. ಬ್ಯಾಟರಿ ಘಟಕಗಳಲ್ಲಿ ಸೀಸದೊಡನೆ ಕೆಲಸ ಮಾಡುವವರ ರಕ್ತವನ್ನು ಪರೀಕ್ಷಿಸಿ ದೇಹಕ್ಕೆ ಸೇರಿದ ಸೀಸವನ್ನು ಅಳೆಯಬಹುದು.

ವಾಸನೆ ಬಂದರೆ ಮಾತ್ರ ಅಪಾಯವೆಂಬ ನಂಬಿಕೆ ತಪ್ಪು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ. ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡ್ ಪ್ರಮಾಣ ಹೆಚ್ಚಿದಾಗ ಮೂಗಿನ ಶಕ್ತಿಯನ್ನೇ ಕುಂದಿಸುತ್ತದೆ. "ವಾಸನೆ ಹೋಯಿತು" ಎಂದು ಗುಂಡಿಗೆ ಇಳಿದವರು ಮೇಲೆ ಬರದಿರುವುದು ಇದೇ ಕಾರಣದಿಂದ.

ಅಳೆದ ಮೇಲೆ ಮಾಡಬೇಕಾದುದು

ಜ್ವರಮಾಪಕದಿಂದ ಜ್ವರ ಇಳಿಯುವುದಿಲ್ಲ. ಅಂತೆಯೇ ಅಳತೆಯ ಹಾಳೆಯನ್ನು ಕಚೇರಿಯ ಕಡತದಲ್ಲಿಟ್ಟ ಮಾತ್ರಕ್ಕೆ ಯಾರ ಉಸಿರೂ ಉಳಿಯದು. ಅಳತೆ ಮಿತಿ ಮೀರಿದಲ್ಲಿ ಈ ಕ್ರಮದಲ್ಲಿ ಮುಂದುವರಿಯಬೇಕು.

1. ಧೂಳು ಏಳದಂತೆ ಮಾಡುವುದು. ಕೊರೆಯುವಾಗ, ಕೊಯ್ಯುವಾಗ, ಉಜ್ಜುವಾಗ ಉಪಕರಣದ ತುದಿಗೇ ನೀರು ಬೀಳುವಂತಿರಬೇಕು. ಒಣಗಲ್ಲಿನ ಮೇಲೆ ಗ್ರೈಂಡರ್ ಓಡಿಸಬಾರದು.

2. ಎದ್ದ ಧೂಳನ್ನು ಎದ್ದಲ್ಲಿಯೇ ಹೀರುವುದು. ಬರಿಯ ಫ್ಯಾನು ಹಾಕಿದರೆ ಧೂಳು ಪಕ್ಕದವನ ಮೂಗಿಗೆ ಹೋಗುತ್ತದೆ. ಹೀರುವ ಬಾಯಿ ಧೂಳಿನ ಮೂಲದ ಹತ್ತಿರವೇ ಇರಬೇಕು.

3. ಗುಡಿಸುವ ಮುನ್ನ ನೆಲವನ್ನು ತೋಯಿಸುವುದು. ದಿನದ ಕೊನೆಗೆ ಕಂಪ್ರೆಸರ್ ಗಾಳಿಯಿಂದ ಬಟ್ಟೆಯ ಧೂಳನ್ನು ಹಾರಿಸುವ ರೂಢಿ ಅನೇಕ ಕಡೆ ಇದೆ. ಇದು ದಿನವೆಲ್ಲ ತಪ್ಪಿಸಿಕೊಂಡ ಧೂಳನ್ನು ಒಂದೇ ಉಸಿರಿನಲ್ಲಿ ಎಳೆದುಕೊಂಡಂತೆ. ಕೂಡಲೇ ನಿಲ್ಲಿಸತಕ್ಕದ್ದು.

4. ಧೂಳಿನ ಜಾಗದಲ್ಲಿ ಕೆಲಸದ ಅವಧಿಯನ್ನು ಕಡಿಮೆ ಮಾಡುವುದು. ಅಲ್ಲಿ ಊಟ, ವಿಶ್ರಾಂತಿ ಕೂಡದು. ಕೆಲಸದ ಬಟ್ಟೆಯನ್ನು ಮನೆಗೆ ಒಯ್ಯಬಾರದು. ಅದನ್ನು ಒದರಿ ಒಗೆಯುವ ಹೆಂಡತಿ, ತಬ್ಬಿಕೊಳ್ಳುವ ಮಗು ಅದೇ ಧೂಳನ್ನು ಉಸಿರಾಡುತ್ತಾರೆ.

5. ಕೊನೆಯದಾಗಿ ಮಾಸ್ಕ್. ಮೊದಲ ನಾಲ್ಕನ್ನು ಮಾಡದೆ ಮಾಸ್ಕನ್ನು ಕೊಟ್ಟು ಕೈತೊಳೆದುಕೊಳ್ಳುವುದು ಸಲ್ಲದು. ಎನ್-95 ಅಥವಾ ಅದಕ್ಕಿಂತ ಮೇಲಿನ ದರ್ಜೆಯದಾಗಿ, ಮುಖಕ್ಕೆ ಬಿಗಿಯಾಗಿ ಕೂರುವಂಥದೇ ಆಗಬೇಕು. ದಟ್ಟ ಗಡ್ಡವಿದ್ದವರಿಗೆ ಅದು ಸರಿಯಾಗಿ ಕೂರುವುದಿಲ್ಲ.

ಇಷ್ಟಾದ ಮೇಲೆ ಮತ್ತೆ ಅಳೆಯಬೇಕು. ನೀರು ಹಾಯಿಸಿದ್ದರಿಂದ 0.6 ಇದ್ದುದು ಎಷ್ಟಕ್ಕೆ ಇಳಿಯಿತೆಂಬುದು ತಿಳಿದಾಗಲೇ ಮಾಡಿದ ಖರ್ಚು ಸಾರ್ಥಕವಾಯಿತೋ ಇಲ್ಲವೋ ಗೊತ್ತಾಗುತ್ತದೆ.

ಕೆಲವು ತಪ್ಪು ತಿಳಿವಳಿಕೆಗಳು

"ಬೆಲ್ಲ ತಿಂದರೆ ಧೂಳು ಇಳಿದುಹೋಗುತ್ತದೆ." ಬೆಲ್ಲ ಹೋಗುವುದು ಅನ್ನನಾಳದಲ್ಲಿ, ಧೂಳು ಹೋಗುವುದು ಶ್ವಾಸನಾಳದಲ್ಲಿ. ದಣಿದವನಿಗೆ ಬೆಲ್ಲದಿಂದ ಚೈತನ್ಯ ಬಂದೀತು. ಧೂಳಿನಿಂದ ರಕ್ಷಣೆ ಸಿಗದು. ಮದ್ಯದ ಬಗೆಗೂ ಇಂಥದೇ ಮಾತು ಚಾಲ್ತಿಯಲ್ಲಿದೆ. ಅದು ದೇಹವನ್ನು ಇನ್ನಷ್ಟು ದುರ್ಬಲಗೊಳಿಸುತ್ತದೆಯೇ ಹೊರತು ಮತ್ತೇನಿಲ್ಲ.

"ಮುಖಕ್ಕೆ ಟವೆಲ್ ಕಟ್ಟಿಕೊಂಡಿದ್ದೇನೆ." ಟವೆಲ್ಲಿನ ನೇಯ್ಗೆಯ ರಂಧ್ರಗಳು ಉಸಿರ್ಧೂಳಿಗೆ ಮಹಾದ್ವಾರಗಳಿದ್ದಂತೆ.

"ಎಕ್ಸ್‌ರೇಯಲ್ಲಿ ಏನೂ ಇಲ್ಲ, ಆದ್ದರಿಂದ ಭಯವಿಲ್ಲ." ಎಕ್ಸ್‌ರೇ ತೋರಿಸುವುದು ಆಗಿಹೋದ ಹಾನಿಯನ್ನು. ಹಾನಿ ಕಾಣುವ ಮೊದಲೇ ವರ್ಷಗಟ್ಟಲೆ ಧೂಳು ಸೇರಿರಬಹುದು. ಎಕ್ಸ್‌ರೇ ಬೇಕು, ಆದರೆ ಅದು ಗಾಳಿಯ ಅಳತೆಗೆ ಬದಲಿಯಲ್ಲ.

"ಇದು ಟಿಬಿ ಇರಬೇಕು." ನಾಲ್ಕು ದಶಕಗಳ ನಮ್ಮ ವೃತ್ತಿಯಲ್ಲಿ ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗಿಯೂ ದಮ್ಮು ತಗ್ಗದೆ ಬರುವ ಕಲ್ಲುಕೆಲಸದವರನ್ನು ನೋಡುತ್ತಲೇ ಬಂದಿದ್ದೇವೆ. ಎರಡೂ ರೋಗಗಳ ಎಕ್ಸ್‌ರೇ ನೆರಳುಗಳು ಒಂದನ್ನೊಂದು ಹೋಲುವುದುಂಟು, ಎರಡೂ ಒಟ್ಟಿಗೆ ಇರುವುದೂ ಉಂಟು. ಆದ್ದರಿಂದ ಕಫದ ಪರೀಕ್ಷೆ ಅಗತ್ಯ. ಕ್ಷಯ ದೃಢಪಟ್ಟರೆ ಅದರ ಮಾತ್ರೆಗಳನ್ನು ಒಂದು ದಿನವೂ ತಪ್ಪಿಸದೆ ಪೂರ್ಣ ಅವಧಿ ಸೇವಿಸಲೇಬೇಕು. ಅದರೊಂದಿಗೆ, ವೈದ್ಯರು ಕೇಳಲಿ ಬಿಡಲಿ, "ನಾನು ಇಷ್ಟು ವರ್ಷ ಕಲ್ಲಿನ ಕೆಲಸ ಮಾಡಿದ್ದೇನೆ" ಎಂದು ರೋಗಿಯೇ ಹೇಳಬೇಕು. ಇಟಲಿಯ ವೈದ್ಯ ರಾಮಜ್ಜಿನಿ 1700ರಲ್ಲಿ ಕಾರ್ಮಿಕರ ರೋಗಗಳ ಕುರಿತು ಬರೆದ ಗ್ರಂಥದಲ್ಲಿ, ರೋಗಿಗೆ ಕೇಳುವ ಪ್ರಶ್ನೆಗಳಿಗೆ ಅವನ ಕಸುಬು ಯಾವುದೆಂಬ ಪ್ರಶ್ನೆಯನ್ನೂ ಸೇರಿಸಬೇಕೆಂದು ವೈದ್ಯರಿಗೆ ತಿಳಿಹೇಳಿದ್ದರು. ಮುನ್ನೂರು ವರ್ಷಗಳ ಹಿಂದಿನ ಆ ಪ್ರಶ್ನೆ ಇಂದಿಗೂ ಹಳೆಯದಾಗಿಲ್ಲ.

ಹಕ್ಕು ಮತ್ತು ಹೊಣೆ

ಸಿಲಿಕೋಸಿಸ್ ಕಾನೂನಿನ ಪ್ರಕಾರ ವರದಿ ಮಾಡಲೇಬೇಕಾದ ರೋಗ. ಕಾರ್ಖಾನೆಯ ಕೆಲಸಗಾರನಲ್ಲಿ ಇದನ್ನು ಕಂಡ ವೈದ್ಯರು ಸಂಬಂಧಪಟ್ಟ ಅಧಿಕಾರಿಗೆ ತಿಳಿಸುವುದು ಕರ್ತವ್ಯ. ವೃತ್ತಿಯಿಂದ ಬಂದ ರೋಗವಾದ್ದರಿಂದ 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿಯೂ 1948ರ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆಯ ಪಟ್ಟಿಯಲ್ಲಿಯೂ ಇದು ಸೇರಿತು. ಈ ಕಾಯ್ದೆಗಳ ಜಾಗಕ್ಕೆ ಬಂದ 2020ರ ಸಂಹಿತೆಗಳಲ್ಲಿಯೂ ಇದರ ಸ್ಥಾನ ಉಳಿದಿದೆ. ಪರಿಹಾರ ಕೇಳುವಾಗ ದಾಖಲೆ ಬೇಕಾಗುತ್ತದೆ. ಆದ್ದರಿಂದ ಹಾಜರಿ ಚೀಟಿ, ಸಂಬಳದ ಚೀಟಿ, ಎಕ್ಸ್‌ರೇಗಳನ್ನು ಕಾರ್ಮಿಕರು ಜೋಪಾನವಾಗಿ ಇಟ್ಟುಕೊಳ್ಳಬೇಕು. ಕಾರ್ಖಾನೆಗಳ ಮೇಲ್ವಿಚಾರಣೆಗೆ ನಮ್ಮ ರಾಜ್ಯದಲ್ಲಿ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯಿದೆ. ಕ್ವಾರಿ ಮತ್ತು ಗಣಿಗಳಿಗೆ ಕೇಂದ್ರದ ಗಣಿ ಸುರಕ್ಷತಾ ಮಹಾನಿರ್ದೇಶನಾಲಯವಿದೆ. ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರವು ಬೆಂಗಳೂರಿನಲ್ಲಿದೆ.

ಆದರೆ ನಾಲ್ಕಾರು ಜನ ದುಡಿಯುವ ಚಿಕ್ಕ ಘಟಕಗಳು ಕಾರ್ಖಾನೆಯೆಂಬ ಕಾನೂನಿನ ವ್ಯಾಖ್ಯೆಯೊಳಗೆ ಬರುವುದೇ ಇಲ್ಲ. ಅಲ್ಲಿಗೆ ಅಧಿಕಾರಿಯೂ ಬರುವುದಿಲ್ಲ, ಪಂಪೂ ಬರುವುದಿಲ್ಲ. ಧೂಳಿಗೆ ಮಾತ್ರ ಈ ವ್ಯಾಖ್ಯೆ ತಿಳಿಯದು. ಇಂಥ ಕಡೆ ಕಾನೂನಿಗಿಂತ ಮನಸ್ಸಾಕ್ಷಿಯೇ ಕೆಲಸ ಮಾಡಬೇಕಾಗಿದೆ. ಒಂದೇ ಬೀದಿಯ ಹತ್ತು ಚಿಕ್ಕ ಘಟಕಗಳ ಮಾಲೀಕರು ಕೂಡಿ ವರ್ಷಕ್ಕೊಮ್ಮೆ ಮಾನ್ಯತೆ ಪಡೆದ ಪ್ರಯೋಗಾಲಯದಿಂದ ಅಳತೆ ಮಾಡಿಸಿದರೆ ಖರ್ಚು ಹಂಚಿಹೋಗುತ್ತದೆ. ಅಳೆಯಿಸುವವರೆಗೂ ಕಾಯದೆ ನೀರಿನ ಕೊಳವೆಯನ್ನು ಇಂದೇ ಜೋಡಿಸಬಹುದು. ಮನೆ ಕಟ್ಟಿಸುವ ಗೃಹಸ್ಥರು ಮೇಸ್ತ್ರಿಗೆ "ಒಣಗಲ್ಲು ಕೊಯ್ಯಬೇಡಿ, ನೀರು ಹಾಕಿ ಕೊಯ್ಯಿರಿ, ತಡವಾದರೆ ಚಿಂತೆಯಿಲ್ಲ" ಎಂದು ಒಂದು ಮಾತು ಹೇಳಬಹುದು. ಆ ಒಂದು ಮಾತಿಗೆ ದುಡ್ಡು ಬೇಕಾಗಿಲ್ಲ.

ಕಾಯಕವನ್ನು ಪೂಜೆಯೆಂದು ನಂಬಿ ಬದುಕುವ ಸಮಾಜ ನಮ್ಮದು. ಹಾಗಿರುವಾಗ ಕಾಯಕ ಮಾಡುವವನ ಕಾಯವನ್ನು ಕಾಪಾಡುವುದೂ ಆ ನಂಬಿಕೆಯ ಭಾಗವೇ ಆಗಬೇಕು. ಗಾಳಿಯನ್ನು ಯಂತ್ರದಿಂದ ಅಳೆಯದಿದ್ದರೆ ಅಳತೆ ತಪ್ಪುವುದಿಲ್ಲ. ಕೆಲಸಗಾರನ ಶ್ವಾಸಕೋಶವೇ ಫಿಲ್ಟರಾಗಿ, ಅವನ ಎಕ್ಸ್‌ರೇಯೇ ವರದಿಯಾಗಿ, ಇಪ್ಪತ್ತು ವರ್ಷ ತಡವಾಗಿ ಅದು ನಮ್ಮ ಕೈಗೆ ಬರುತ್ತದೆ. ಅಷ್ಟು ಹೊತ್ತಿಗೆ ತಿದ್ದಿಕೊಳ್ಳಲು ಏನೂ ಉಳಿದಿರುವುದಿಲ್ಲ. ಅದಕ್ಕೆ ಮೊದಲೇ, ಸಕ್ಕರೆ ಹರಳಿನಷ್ಟು ಧೂಳನ್ನೂ ಲೆಕ್ಕಕ್ಕೆ ಹಿಡಿಯುವ ಎಚ್ಚರವು ಮಾಲೀಕರಲ್ಲಿ, ಕಾರ್ಮಿಕರಲ್ಲಿ, ವೈದ್ಯರಲ್ಲಿ ಮೂಡಲಿ. ಕಲ್ಲಿನ ಕಾಯಕದ ಮನೆಗಳಲ್ಲಿ ಉಸಿರು ನಿರಾತಂಕವಾಗಿ ನಡೆಯಲಿ ಎಂದು ಹಾರೈಸುತ್ತೇವೆ.